ಕೋಳಿಯನ್ನು ಕೇಳಿ ಮಸಾಲೆ ಅರೆಯುವುದು

‘ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?’ ಎನ್ನುವ ಗಾದೆಯನ್ನು ನಾವು ಅಡುಗೆಯ ಸಂದರ್ಭದಲ್ಲಿ ಬಳಸುವುದು ಅಪರೂಪ. ಯಾರ ಮೇಲೆ ತೀರ್ಮಾನ ಬೀಳುತ್ತದೆಯೋ ಅವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ ಎಂದು ಹೇಳಬೇಕಾದಾಗ ಈ ಮಾತು ಬರುತ್ತದೆ. ರಸ್ತೆಗೆ ಜಮೀನು ಕಳೆದುಕೊಳ್ಳುವ ರೈತನಿಗೆ, ತನ್ನನ್ನು ಕೇಳದೆಯೇ ಮದುವೆ ಗೊತ್ತಾದ ಹುಡುಗಿಗೆ, ಬೆಳಗಾಗುವುದರೊಳಗೆ ವರ್ಗವಾದ ಗುಮಾಸ್ತನಿಗೆ ಇದು ಹೊಂದುತ್ತದೆ. ಅಧಿಕಾರದ ಸ್ವಭಾವವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವ ಗಾದೆ ಕನ್ನಡದಲ್ಲಿ ಹೆಚ್ಚಿಲ್ಲ.

ಆದರೆ ಇದೇ ಗಾದೆಯನ್ನು ಅದು ಹುಟ್ಟಿದ ಅಡುಗೆಮನೆಗೆ ವಾಪಸು ತಂದರೆ ಒಂದು ತೊಡಕು ಎದುರಾಗುತ್ತದೆ. ಕೋಳಿಯನ್ನು ಚೆನ್ನಾಗಿ ಬೇಯಿಸಬಲ್ಲವರು ಕೋಳಿಯನ್ನು ಕೇಳಿಯೇ ಮಸಾಲೆ ಅರೆಯುತ್ತಾರೆ. ಇದರ ವಯಸ್ಸೆಷ್ಟು, ಓಡಾಡಿ ಬೆಳೆದದ್ದೋ ಕೂತು ಬೆಳೆದದ್ದೋ, ಯಾವಾಗ ಕೊಯ್ದದ್ದು, ಮೂಳೆ ಎಷ್ಟಿದೆ, ಕೊಬ್ಬು ಎಷ್ಟಿದೆ ಎಂದು ಮೊದಲು ನೋಡಿ, ಆಮೇಲೆ ಸಾರೋ ಗಸಿಯೋ ಹುರಿದದ್ದೋ ಎಂದು ನಿರ್ಧರಿಸುತ್ತಾರೆ. ನಮ್ಮ ಪಾಕಬರಹ ಈ ಕೇಳುವ ಕೆಲಸವನ್ನು ಬಿಟ್ಟುಬಿಟ್ಟಿದೆ, ಆ ಜಾಗದಲ್ಲಿ ‘ನಾಟಿ’ ಎಂಬ ಒಂದು ಪದವನ್ನು ಕೂರಿಸಿದೆ ಎನ್ನುವುದು ನನ್ನ ತಕರಾರು. ಸಾಹಿತ್ಯ ವಿಮರ್ಶೆ ಓದುವವರಿಗೆ ಈ ತಕರಾರು ಬೇರೆ ಕಡೆಯೂ ಕೇಳಿದಂತೆ ಅನಿಸಬಹುದು.

ಮೊದಲು ಪಾಕಬರಹವನ್ನೇ ಒಂದು ಸಾಹಿತ್ಯ ಪ್ರಕಾರವೆಂದು ಓದೋಣ. ಪತ್ರಿಕೆಯ ಪುರವಣಿ ಇರಲಿ, ಅಡುಗೆ ಪುಸ್ತಕವಿರಲಿ, ಯೂಟ್ಯೂಬ್ ವಿಡಿಯೋದ ಕೆಳಗಿನ ಬರಹವಿರಲಿ, ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ಬೇಕಾಗುವ ಸಾಮಗ್ರಿ, ಕೋಳಿ ಒಂದು ಕೆಜಿ. ಆಮೇಲೆ ಈರುಳ್ಳಿ ಎಷ್ಟು, ಬೆಳ್ಳುಳ್ಳಿ ಎಷ್ಟು ಎಸಳು, ಲವಂಗ ಎಷ್ಟು, ಚಕ್ಕೆ ಎಷ್ಟು ಇಂಚು ಎಂಬ ಲೆಕ್ಕ. ನಾಲ್ಕು ಲವಂಗಕ್ಕೆ ಸಿಗುವ ಗಮನ ಒಂದು ಕೆಜಿ ಕೋಳಿಗೆ ಸಿಗುವುದಿಲ್ಲ. ಆರು ವಾರದ ಬ್ರಾಯ್ಲರ್ ಕೂಡ ‘ಕೋಳಿ ಒಂದು ಕೆಜಿ’, ಎರಡು ವರ್ಷ ಮೊಟ್ಟೆಯಿಟ್ಟು ಮುದಿಯಾದ ಹೇಂಟೆ ಕೂಡ ‘ಕೋಳಿ ಒಂದು ಕೆಜಿ’. ಮೊದಲನೆಯದು ಕುದಿಯುವ ಸಾರಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷಕ್ಕೆ ಬೇಯುತ್ತದೆ. ಎರಡನೆಯದು ಒಂದೂವರೆ ಗಂಟೆಯಾದರೂ ಹಲ್ಲಿಗೆ ಸವಾಲು ಹಾಕುತ್ತದೆ. ಎರಡಕ್ಕೂ ಒಂದೇ ಪಾಕವಿಧಾನ ಬರೆಯುವುದು ವಚನಕ್ಕೂ ಷಟ್ಪದಿಗೂ ಒಂದೇ ಛಂದಸ್ಸಿನ ಪಾಠ ಮಾಡಿದಂತೆ.

ಇದಕ್ಕೊಂದು ಚರಿತ್ರೆಯಿದೆ. ಕನ್ನಡದಲ್ಲಿ ಪಾಕಶಾಸ್ತ್ರದ ಬರಹ ಹೊಸದಲ್ಲ. ಹನ್ನೊಂದನೇ ಶತಮಾನದ ಎರಡನೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ಭಾಗವಿದೆ. ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಮಂಗರಸ ಜೈನ ಕವಿ. ಅವರ ಅಡುಗೆಮನೆಗೆ ಮಾಂಸ ಬರುವುದಿಲ್ಲ. ಮಾಂಸದಡುಗೆಯ ವಿವರಗಳು ಸಿಗುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ. ಅದು ಇದೇ ನೆಲದ ಅರಮನೆಯ ಪುಸ್ತಕ, ಆದರೆ ಭಾಷೆ ಸಂಸ್ಕೃತ. ಹಂದಿಯ ಮೈಕೂದಲನ್ನು ತೆಗೆಯುವುದು ಹೇಗೆ ಎನ್ನುವುದನ್ನೂ ಆ ಗ್ರಂಥ ಹೇಳುತ್ತದೆ ಎನ್ನುವುದು ನನಗೆ ಮುಖ್ಯ. ಅಂದರೆ ಪಾಕವಿಧಾನ ಅಲ್ಲಿ ಮಸಾಲೆಯಿಂದ ಶುರುವಾಗದೆ ಪ್ರಾಣಿಯಿಂದ ಶುರುವಾಗುತ್ತದೆ. ಕನ್ನಡದ ಹಳೆಯ ಪಾಕಗ್ರಂಥಗಳಿಗೆ ಈ ಅಗತ್ಯ ಬೀಳಲಿಲ್ಲ. ಕೋಳಿ ಆರಿಸುವ, ಕೊಯ್ಯುವ, ಸುಡುವ, ಬೇಯಿಸುವ ತಿಳಿವಳಿಕೆ ಬಾಯಿಮಾತಿನಲ್ಲೇ, ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿಯಿತು. ಮುದ್ರಣದ ಕಾಲ ಬಂದಾಗ ಆ ತಿಳಿವಳಿಕೆಯ ಅರ್ಧ ಮಾತ್ರ ಪುಟಕ್ಕೆ ಬಂತು. ಮಸಾಲೆ ಬಂತು, ಕೋಳಿ ಅಂಗಡಿಯಲ್ಲೇ ಉಳಿಯಿತು.

ಖಾಲಿ ಉಳಿದ ಆ ಜಾಗವನ್ನು ಈಗ ತುಂಬಿರುವುದು ‘ನಾಟಿ’ ಮತ್ತು ‘ಫಾರಂ’ ಎಂಬ ಜೋಡಿಪದ. ಪಂಪನ ಕಾಲದಿಂದಲೂ ಕನ್ನಡ ಕಾವ್ಯಚಿಂತನೆಯಲ್ಲಿ ದೇಸಿ ಮತ್ತು ಮಾರ್ಗ ಎಂಬ ಜೋಡಿಯಿದೆ. ಪಂಪನಿಗೆ ಅವೆರಡನ್ನೂ ಒಟ್ಟಿಗೆ ಹಿಡಿಯುವುದು ಕವಿಯ ಶಕ್ತಿಯ ಪರೀಕ್ಷೆಯಾಗಿತ್ತು. ಅದೇ ಜೋಡಿ ನಮ್ಮ ಕಾಲದ ಸೆಮಿನಾರುಗಳಲ್ಲಿ ಬೆಲೆಪಟ್ಟಿಯ ಕೆಲಸ ಮಾಡುತ್ತಿದೆ. ಒಂದು ಕೃತಿಯನ್ನು ದೇಸಿ ಎಂದು ಕರೆದರೆ ಅದರ ಬೆಲೆ ಏರುತ್ತದೆ, ಆಮೇಲೆ ಅದನ್ನು ಓದಿ ತೂಗುವ ಶ್ರಮ ತಪ್ಪುತ್ತದೆ. ಕೋಳಿ ಅಂಗಡಿಯಲ್ಲೂ ಹೀಗೆಯೇ. ನಾಟಿ ಎಂದರೆ ಕೆಜಿಗೆ ದುಪ್ಪಟ್ಟೋ ಅದಕ್ಕೂ ಹೆಚ್ಚೋ ಕೊಡಬೇಕು, ಕೊಟ್ಟ ಮೇಲೆ ಅದು ಒಳ್ಳೆಯದೇ ಆಗಿರಬೇಕು ಎಂದು ನಂಬಬೇಕು.

ಈ ಜೋಡಿ ಎಷ್ಟು ಸಡಿಲವಾದದ್ದು ಎನ್ನುವುದಕ್ಕೆ ಗಿರಿರಾಜನೇ ಸಾಕ್ಷಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕುಕ್ಕುಟ ವಿಜ್ಞಾನಿಗಳು ಹಿತ್ತಿಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ತಳಿ ಅದು. ಬಣ್ಣಬಣ್ಣದ ಪುಕ್ಕ, ಹಳ್ಳಿಯ ಅಂಗಳದಲ್ಲಿ ಕೆದಕಿ ಮೇಯಬಲ್ಲ ಗಟ್ಟಿತನ, ಊರಕೋಳಿಗಿಂತ ಹೆಚ್ಚು ಮೊಟ್ಟೆ, ಹೆಚ್ಚು ಮಾಂಸ. ಸ್ವರ್ಣಧಾರ ಆಮೇಲೆ ಬಂದದ್ದು. ಇವು ನಾಟಿಯೋ ಫಾರಮ್ಮೋ? ಹುಟ್ಟಿದ್ದು ಪ್ರಯೋಗಾಲಯದ ತಳಿಶಾಸ್ತ್ರದಿಂದ, ಬೆಳೆದದ್ದು ಯಾರದೋ ತಿಪ್ಪೆಯ ಪಕ್ಕ. ಪುಕ್ಕದ ಬಣ್ಣ ನೋಡಿ ಕೊಳ್ಳುವ ಗಿರಾಕಿಗೆ ಇದು ನಾಟಿಯೇ. ಇನ್ನು ಬಣ್ಣದ ಪುಕ್ಕದ ತಳಿಯೊಂದನ್ನು ಶೆಡ್ಡಿನೊಳಗೇ ಕೂಡಿ ಚೀಲದ ಆಹಾರ ಹಾಕಿ ಬೆಳೆಸಿದರೂ ಅದರ ಪುಕ್ಕ ಬಣ್ಣದ್ದೇ. ನಾಟಿ ಎಂಬ ಪದ ತಳಿಯನ್ನು ಹೇಳುತ್ತಿದೆಯೋ, ಸಾಕಣೆಯನ್ನೋ, ವಯಸ್ಸನ್ನೋ, ರುಚಿಯನ್ನೋ ಎಂದು ಕೇಳಿದರೆ ಅಂಗಡಿಯವನ ಬಳಿ ಉತ್ತರವಿಲ್ಲ. ಬರೆಯುವವರ ಬಳಿಯೂ ಇಲ್ಲ.

ಬಾಯಿಗೆ ತಿಳಿಯುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ವಯಸ್ಸು ಮತ್ತು ಓಡಾಟದ್ದು. ಬ್ರಾಯ್ಲರ್ ಮರಿ ಸುಮಾರು ಆರು ವಾರದಲ್ಲಿ ಎರಡು ಕೆಜಿ ತೂಗುತ್ತದೆ. ಅಂಗಳದ ಕೋಳಿ ಅದಕ್ಕಿಂತ ಕಡಿಮೆ ತೂಕ ಮುಟ್ಟಲು ಐದಾರು ತಿಂಗಳು ಬೇಕು. ಕಾಲ ಕಳೆದಂತೆ, ಕಾಲಿಗೆ ಕೆಲಸ ಬಿದ್ದಂತೆ, ಸ್ನಾಯುಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಬಿಗಿಯಾಗುತ್ತದೆ, ಮಾಂಸಕ್ಕೆ ಬಣ್ಣವೂ ಸ್ವಾದವೂ ಗಾಢವಾಗಿ ಬರುತ್ತವೆ. ಈ ನಾರು ನಿಧಾನವಾದ ಉರಿಯಲ್ಲಿ ಬಹಳ ಹೊತ್ತು ಬೆಂದರೆ ಕರಗಿ ಜಿಲೆಟಿನ್ ಆಗಿ ಸಾರಿಗೆ ಮೈ ಕೊಡುತ್ತದೆ. ಎಳೆಯ ಬ್ರಾಯ್ಲರ್‌ನಲ್ಲಿ ಕರಗಲು ಅಷ್ಟೊಂದು ಇರುವುದಿಲ್ಲ. ಅದನ್ನು ಗಂಟೆಗಟ್ಟಲೆ ಕುದಿಸಿದರೆ ಎದೆಯ ಮಾಂಸ ಒಣಗಿ ಎಳೆಎಳೆಯಾಗುತ್ತದೆ, ಸಾರು ಮಾತ್ರ ನೀರಾಗಿಯೇ ಉಳಿಯುತ್ತದೆ.

ಇದನ್ನು ತಿಳಿದು ಮಂಡ್ಯ, ಮೈಸೂರು, ತುಮಕೂರು ಕಡೆಯ ನಾಟಿಕೋಳಿ ಸಾರನ್ನು ನೋಡಿದರೆ ಅದು ಒಂದು ವಾದದ ಹಾಗೆ ಕಾಣುತ್ತದೆ. ಗಟ್ಟಿ ಹಕ್ಕಿ ಸಿಕ್ಕಿದೆ. ಹಾಗಾದರೆ ತುಂಬ ಹೊತ್ತು ಬೇಯಿಸಬೇಕು. ಬೇಯುವಾಗ ರುಚಿಯೆಲ್ಲ ನೀರಿಗೆ ಇಳಿಯುತ್ತದೆ. ಹಾಗಾದರೆ ಆ ನೀರೇ ಊಟದ ಮುಖ್ಯ ಭಾಗವಾಗಬೇಕು. ಅದನ್ನು ಗಂಟಲಿಗಿಳಿಸಲು ರಾಗಿಮುದ್ದೆ ಬೇಕು. ಒಂದು ಹಕ್ಕಿ ಹತ್ತು ಜನಕ್ಕೆ ಆಗಬೇಕಾದ ಮನೆಗೆ ಇದಕ್ಕಿಂತ ಒಳ್ಳೆಯ ಪಾಕ ಇಲ್ಲ. ಪುಕ್ಕ ಕಿತ್ತ ಕೋಳಿಯನ್ನು ಬೆಂಕಿಯಲ್ಲಿ ಸುಟ್ಟು ಅರಿಶಿನ ಹಚ್ಚುವುದು, ಚರ್ಮವನ್ನು ಬಿಸಾಡದಿರುವುದು ಇವೂ ಇದೇ ತರ್ಕದ ಭಾಗ. ಕರಾವಳಿಯ ಕೋರಿರೊಟ್ಟಿಯಲ್ಲೂ ಈ ಲೆಕ್ಕವಿದೆ. ಒಣಗಿದ ಅಕ್ಕಿರೊಟ್ಟಿ ಗಸಿಯನ್ನು ಹೀರಿಕೊಳ್ಳಬೇಕಾದ್ದರಿಂದ ತೆಂಗಿನಹಾಲಿನ ಆ ಗಸಿ ತೆಳ್ಳಗೆ ಹರಿಯಲೇಬೇಕು. ಕುಂದಾಪುರದ ಗೀ ರೋಸ್ಟ್ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ತುಪ್ಪದಲ್ಲಿ ಹುರಿದ ಬ್ಯಾಡಗಿ ಮೆಣಸಿನ ಮಸಾಲೆಯೇ ನಾಯಕ, ಮಾಂಸ ಬೇಗ ಬೆಂದು ಅದನ್ನು ಮೈಗೆ ಬಳಿದುಕೊಂಡರೆ ಸಾಕು. ಆ ಅಡುಗೆಗೆ ಎಳೆಯ ಬ್ರಾಯ್ಲರ್ ಸೂಕ್ತ, ಮುದಿ ಹೇಂಟೆ ತಂದರೆ ತುಪ್ಪವೂ ದಂಡ, ಹೇಂಟೆಯೂ ದಂಡ. ಅಡುಗೆಯ ಹೆಸರು ಹೇಳದೆ ‘ಯಾವ ಕೋಳಿ ಒಳ್ಳೆಯದು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಕೋಳಿಯನ್ನು ಕೇಳುವುದು ಹೇಗೆ? ಉತ್ತರಗಳು ಅದರ ಮೈಮೇಲೆಯೇ ಇರುತ್ತವೆ. ಎದೆಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿದರೆ ಎಳೆಯ ಹಕ್ಕಿಯದು ಮೆತ್ತಗೆ ಬಾಗುತ್ತದೆ, ಬಲಿತದ್ದು ಬಾಗುವುದಿಲ್ಲ. ಎಳೆಯದರ ಕಾಲಿನ ಹುರುಪೆ ನುಣುಪು, ಹಳೆಯದರದ್ದು ಒರಟು. ಹುಂಜವಾದರೆ ಕಾಲಿನ ಹಿಂದಿನ ಮುಳ್ಳು ಎಷ್ಟು ಉದ್ದವಾಗಿದೆ ಎನ್ನುವುದು ವಯಸ್ಸಿನ ಗುರುತು. ಜೀವಂತ ಕೋಳಿಯಾದರೆ ಜುಟ್ಟು ಕೆಂಪಗಿರಬೇಕು, ಕಣ್ಣು ಚುರುಕಾಗಿರಬೇಕು, ಮೂಗು ಸೋರುತ್ತಿರಬಾರದು. ಕತ್ತರಿಸಿಟ್ಟ ಮಾಂಸವಾದರೆ ಬೆರಳಿನಿಂದ ಒತ್ತಿದ ಗುಳಿ ಬೇಗ ತುಂಬಿಕೊಳ್ಳಬೇಕು, ಮೇಲ್ಮೈ ಲೋಳೆಯಾಗಿರಬಾರದು, ಹುಳಿ ವಾಸನೆ ಇರಬಾರದು, ತೊಡೆಯಲ್ಲೂ ರೆಕ್ಕೆಯಲ್ಲೂ ರಕ್ತ ಹೆಪ್ಪುಗಟ್ಟಿದ ಕಪ್ಪು ಕಲೆಗಳಿರಬಾರದು. ಪ್ಯಾಕೆಟ್ಟಿನ ತಳದಲ್ಲಿ ನೀರು ನಿಂತಿದ್ದರೆ ಆ ನೀರಿಗೂ ನಾವು ದುಡ್ಡು ಕೊಡುತ್ತಿದ್ದೇವೆ ಎಂದರ್ಥ. ತೂಕದ ಲೆಕ್ಕವೂ ಹೀಗೆಯೇ: ಎರಡು ಕೆಜಿಯ ಜೀವಂತ ಬ್ರಾಯ್ಲರ್‌ನಿಂದ ಚರ್ಮ ಸಮೇತ ಸುಮಾರು 1.4 ಕೆಜಿ ಸಿಗುತ್ತದೆ, ಚರ್ಮ ತೆಗೆದರೆ ಇನ್ನೂ ಕಡಿಮೆ. ಹಲಗೆಯ ಮೇಲೆ ಬರೆದ ದರ ಯಾವ ತೂಕದ್ದು ಎಂದು ಕೇಳದೆ ಎರಡು ಅಂಗಡಿಗಳ ಬೆಲೆ ಹೋಲಿಸಲಾಗದು.

‘ತಾಜಾ’ ಎನ್ನುವುದು ನಾಟಿಯಷ್ಟೇ ಮೋಹಕವಾದ ಇನ್ನೊಂದು ಪದ. ಕಣ್ಣೆದುರೇ ಕೊಯ್ಯಿಸಿ ಬಿಸಿಬಿಸಿಯಾಗಿ ತಂದದ್ದೇ ಶ್ರೇಷ್ಠ ಎಂದು ನಂಬಿದವರೇ ಹೆಚ್ಚು. ಕಣ್ಣೆದುರು ಕೊಯ್ದದ್ದರಿಂದ ಹಕ್ಕಿಗೆ ಕಾಯಿಲೆ ಇರಲಿಲ್ಲ, ನಿನ್ನೆಯ ಮಾಂಸವಲ್ಲ ಎಂಬ ಭರವಸೆಯೇನೋ ಸಿಗುತ್ತದೆ. ಆದರೆ ಮೆದುತನದ ಭರವಸೆ ಸಿಗುವುದಿಲ್ಲ. ಸತ್ತ ಮೇಲೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮತ್ತೆ ಸಡಿಲವಾಗಲು ಕೋಳಿಗೆ ಕೆಲವು ಗಂಟೆ ಬೇಕು. ಆ ನಡುವೆ ಕತ್ತರಿಸಿ ಒಲೆಯ ಮೇಲಿಟ್ಟರೆ ಮಾಂಸ ಬಿಗಿಯಾಗಿಯೇ ಉಳಿಯುತ್ತದೆ. ಉಪ್ಪು, ಅರಿಶಿನ, ಮೊಸರು ಹಚ್ಚಿ ಮೂರು ನಾಲ್ಕು ಗಂಟೆ ತಂಪಿನಲ್ಲಿಡುವ ರೂಢಿಗೆ ಮಸಾಲೆ ಹಿಡಿಯುವುದರ ಜೊತೆಗೆ ಈ ಲಾಭವೂ ಇದೆ. ಕಾಯುವುದನ್ನು ಕಲಿಸುವ ಪಾಕವಿಧಾನಗಳು ‘ಹದಿನೈದೇ ನಿಮಿಷದಲ್ಲಿ’ ಎನ್ನುವ ಶೀರ್ಷಿಕೆಯ ಮುಂದೆ ಸೋಲುತ್ತಿವೆ.

ನಾಟಿಯ ಪರವಾದ ಮಾತಿಗೆ ಬೆನ್ನೆಲುಬಾಗಿರುವುದು ಭಯ. ಬ್ರಾಯ್ಲರ್ ಎಂದರೆ ಇಂಜೆಕ್ಷನ್ ಕೋಳಿ, ಹಾರ್ಮೋನ್ ಕೊಟ್ಟು ಉಬ್ಬಿಸಿದ್ದು ಎನ್ನುವ ಮಾತು ಮನೆಮನೆಯಲ್ಲಿದೆ. ಬ್ರಾಯ್ಲರ್ ಬೇಗ ಬೆಳೆಯುವುದು ದಶಕಗಳ ತಳಿ ಆಯ್ಕೆಯಿಂದ ಮತ್ತು ಲೆಕ್ಕ ಹಾಕಿ ಕೊಡುವ ಆಹಾರದಿಂದ. ಅದಕ್ಕೆ ಹಾರ್ಮೋನ್ ಚುಚ್ಚುವ ಅಗತ್ಯವೂ ಇಲ್ಲ, ಸಾವಿರಾರು ಹಕ್ಕಿಗಳಿಗೆ ಚುಚ್ಚುತ್ತ ಕೂರುವುದು ಲಾಭದ ಮಾತೂ ಅಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ ಆ್ಯಂಟಿಬಯಾಟಿಕ್‌ಗಳದ್ದು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2014ರಲ್ಲಿ ಆ ಭಾಗದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ 40 ಶೇಕಡಾದಲ್ಲಿ ಔಷಧದ ಅಂಶ ಉಳಿದಿತ್ತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಂತಿರುವ ಕೊಲಿಸ್ಟಿನ್ ಔಷಧವನ್ನು ಸಾಕುಪ್ರಾಣಿಗಳ ಆಹಾರದಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರಲ್ಲಿ. ಹಾರ್ಮೋನಿನ ವದಂತಿ ನಮ್ಮನ್ನು ಹೆದರಿಸಿ ಸುಮ್ಮನಾಗಿಸುತ್ತದೆ. ಔಷಧದ ಪ್ರಶ್ನೆ ಹಾಗಲ್ಲ, ಅದು ಸಾಕಣೆದಾರರನ್ನು, ಕಂಪನಿಗಳನ್ನು, ಸರ್ಕಾರವನ್ನು ಹೊಣೆಗೆ ಕರೆಯುತ್ತದೆ. ಆಹಾರದ ಬಗ್ಗೆ ಬರೆಯುವವರು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯಬೇಕಿತ್ತು.

ಇಲ್ಲಿಂದ ಸಾಹಿತ್ಯಕ್ಕೆ ಒಂದು ಹೆಜ್ಜೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಆ ಕಥನವನ್ನು ನಾನು ಪ್ರತಿ ಸಲ ಓದುವಾಗಲೂ ತಟ್ಟುವುದು ಒಂದು ಹಕ್ಕಿಯ ಮೇಲೆ ಒಂದು ಬದುಕಿನ ಎಷ್ಟೊಂದು ಭಾರ ಕೂತಿದೆ ಎನ್ನುವುದು. ಆ ಹುಂಜವನ್ನು ‘ನಾಟಿ’ ಎಂದು ಕರೆಯುವ ಅಗತ್ಯ ಅಲ್ಲಿ ಯಾರಿಗೂ ಇಲ್ಲ, ಏಕೆಂದರೆ ಬೇರೆ ಬಗೆಯ ಕೋಳಿ ಆ ಲೋಕದಲ್ಲಿಲ್ಲ. ಬಡವರ ಮನೆಯ ಅಂಗಳದಲ್ಲಿ ಕೋಳಿ ಎನ್ನುವುದು ಊಟಕ್ಕಿಂತ ಮೊದಲು ಆಸ್ತಿ. ಅದರ ಮೊಟ್ಟೆ ಮಾರಿ ಉಪ್ಪು, ಎಣ್ಣೆ ತರಬೇಕು. ಹಬ್ಬಕ್ಕೆ, ಹರಕೆಗೆ, ನೆಂಟರಿಗೆ, ಬಾಣಂತಿಗೆ ಮಾತ್ರ ಅದು ಅಡುಗೆಯಾಗುತ್ತಿತ್ತು. ನಮ್ಮ ಅಜ್ಜಿ ಸಾಕಿದ ಕೋಳಿಗಳಲ್ಲಿ ಅವಳ ತಟ್ಟೆಗೆ ಬಂದವು ಬೆರಳೆಣಿಕೆಯಷ್ಟು, ಬಂದರೂ ಕತ್ತು, ಕಾಲು, ರೆಕ್ಕೆಯ ತುದಿ.

ಈ ನೆನಪಿದ್ದವರಿಗೆ ಇಂದಿನ ನಾಟಿ ಸ್ತುತಿಯಲ್ಲಿ ಏನೋ ಬಿಟ್ಟುಹೋದಂತೆ ಕಾಣುತ್ತದೆ. ಆಗಿನ ಕೋಳಿ ರುಚಿಯಾಗಿತ್ತು, ನಿಜ. ಅದು ಅಪರೂಪವಾಗಿತ್ತು ಎನ್ನುವುದೂ ಆ ರುಚಿಯ ಒಂದು ಪಾಲು. ಆ ಅಪರೂಪಕ್ಕೆ ಕಾರಣ ಬಡತನ. ವಾರಕ್ಕೊಮ್ಮೆ ಕೋಳಿ ತಿನ್ನುವುದು ಕಟ್ಟಡದ ಕೆಲಸಗಾರರಿಗೂ, ಹಾಸ್ಟೆಲಿನ ಹುಡುಗರಿಗೂ ಕೈಗೆಟುಕುವಂತೆ ಮಾಡಿದ್ದು ನಾವು ಮೂಗು ಮುರಿಯುವ ಆ ಬಿಳಿಯ ಬ್ರಾಯ್ಲರ್. ಅದರ ಸಾಕಣೆಯಲ್ಲಿ ಹಿಂಸೆಯಿದೆ, ಔಷಧದ ದುರ್ಬಳಕೆಯಿದೆ, ಅದನ್ನು ಹೇಳಲೇಬೇಕು. ಆದರೆ ‘ಫಾರಂ ಕೋಳಿಗೆ ರುಚಿಯೇ ಇಲ್ಲ’ ಎನ್ನುವ ಒಂದು ವಾಕ್ಯದಲ್ಲಿ ಅದನ್ನು ತಿನ್ನುವವರ ನಾಲಗೆಯನ್ನೇ ತಳ್ಳಿಹಾಕುವುದು ವಿಮರ್ಶೆಯಲ್ಲ. ಕೆಜಿಗೆ ದುಪ್ಪಟ್ಟು ಕೊಡಬಲ್ಲವರ ರುಚಿಗೆ ‘ಮಣ್ಣಿನ ವಾಸನೆ’ ಎಂದು ಹೆಸರಿಡುವ ಚಾಳಿ ನಮ್ಮ ಸಾಹಿತ್ಯ ಚರ್ಚೆಗೂ ಅಪರಿಚಿತವಲ್ಲ.

ಒಳ್ಳೆಯ ಬ್ರಾಯ್ಲರನ್ನು ಆರಿಸಿ ತಂದು ಅದರ ಸ್ವಭಾವಕ್ಕೆ ತಕ್ಕಂತೆ ಬೇಯಿಸಿದರೆ ಅದು ಒಳ್ಳೆಯ ಊಟ. ನಾನು ಮಾಡುವ ಕ್ರಮ ಇಷ್ಟೇ. ಅಂಗಡಿಯಲ್ಲಿ ಸಣ್ಣ ಹಕ್ಕಿಯನ್ನು ಕೇಳಿ, ಮೂಳೆ ಸಮೇತ ದೊಡ್ಡ ತುಂಡು ಮಾಡಿಸುತ್ತೇನೆ. ಕೆಜಿಗೆ ಎರಡು ಚಮಚ ಉಪ್ಪು, ಅರಿಶಿನ ಹಚ್ಚಿ ಕೆಲವು ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ. ನಲ್ಲಿಯ ಕೆಳಗೆ ಜೋರಾಗಿ ತೊಳೆಯುವುದರಿಂದ ಮಾಂಸದ ಮೇಲಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಿಂಕಿಗೂ ಪಕ್ಕದ ಸೊಪ್ಪಿಗೂ ಸಿಡಿಯುತ್ತದೆ, ಅದನ್ನು ಕೊಲ್ಲುವುದು ಬೆಂಕಿಯೇ. ತೊಳೆಯಲೇಬೇಕೆನ್ನುವವರು ಪಾತ್ರೆಯೊಂದರಲ್ಲಿ ಮೆಲ್ಲಗೆ ತೊಳೆದು ಸಿಂಕನ್ನೂ ಕೈಯನ್ನೂ ಸೋಪಿನಿಂದ ಉಜ್ಜಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆ ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚರ್ಮದ ಬದಿ ಕೆಂಪಗಾಗುವಂತೆ ಹುರಿದು ತೆಗೆದಿಡಬೇಕು, ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ ಹೊರತು ಹುರಿಯುವುದಿಲ್ಲ. ಅದೇ ಎಣ್ಣೆಯಲ್ಲಿ ಈರುಳ್ಳಿಯನ್ನು ಆತುರಪಡದೆ ಕಂದು ಬಣ್ಣಕ್ಕೆ ತಂದು, ಹುರಿದ ಧನಿಯಾ, ಮೆಣಸು, ಶುಂಠಿ, ಬೆಳ್ಳುಳ್ಳಿ, ಚೂರು ತೆಂಗಿನಕಾಯಿಯ ಮಸಾಲೆ ಬಾಡಿಸಬೇಕು. ಬ್ರಾಯ್ಲರ್ ಕೊಡದ ಗಾಢತೆಯನ್ನು ಈ ಈರುಳ್ಳಿ ಕೊಡುತ್ತದೆ. ಕೊನೆಗೆ ತೊಡೆ ಮೊದಲು, ಎದೆಯ ತುಂಡು ಐದಾರು ನಿಮಿಷ ತಡವಾಗಿ. ತೊಡೆಯ ದಪ್ಪ ಭಾಗಕ್ಕೆ ಚಾಕು ಚುಚ್ಚಿದಾಗ ಬರುವ ನೀರು ತಿಳಿಯಾಗಿದ್ದು, ಮೂಳೆಯ ಪಕ್ಕದ ಮಾಂಸದಲ್ಲಿ ಹಸಿ ಉಳಿದಿರದಿದ್ದರೆ ಇಳಿಸುವ ಹೊತ್ತು. ಥರ್ಮಾಮೀಟರ್ ಇದ್ದವರಿಗೆ ಆ ಅಂಕಿ 74 ಡಿಗ್ರಿ ಸೆಲ್ಸಿಯಸ್.

ಇಷ್ಟೆಲ್ಲ ‘ಮನೆಯಲ್ಲಿ’ ಮಾಡುವುದು ಎಂದಾಗ ಆ ಮನೆ ಯಾರದು ಎನ್ನುವುದೂ ಪ್ರಶ್ನೆಯೇ. ಸಂಶೋಧನೆಗೆಂದು ಊರು ಬದಲಿಸಿದ ನನ್ನಂಥವರು ಬಾಡಿಗೆ ಮನೆ ಹುಡುಕುವಾಗ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವನ್ನು ಎಷ್ಟೋ ಗೇಟುಗಳ ಮೇಲೆ ಓದಿದ್ದೇವೆ. ಆ ಫಲಕ ಕೇಳುವುದು ನಾವು ಏನು ತಿನ್ನುತ್ತೇವೆ ಎಂದಲ್ಲ, ನಾವು ಯಾರು ಎಂದು. ಹೋಟೆಲಿನಲ್ಲಿ ತಿನ್ನುವವರಿಗೆ ಮನೆ ಕೊಟ್ಟು, ಮನೆಯಲ್ಲಿ ಬೇಯಿಸುವವರಿಗೆ ಕೊಡದ ಮಾಲೀಕರೂ ಇದ್ದಾರೆ. ಅಡುಗೆಮನೆಯ ಕಿಟಕಿ ಮುಚ್ಚಿ, ಕುಕ್ಕರಿನ ಸೀಟಿಗೆ ಬಟ್ಟೆ ಹಿಡಿದು ಬೇಯಿಸುವವರಿಂದ ನಿಧಾನ ಉರಿಯ ಸಾರನ್ನು ನಿರೀಕ್ಷಿಸುವುದು ಹೇಗೆ? ಹಾಗೆ ನೋಡಿದರೆ ಕೋಳಿ ಸಾರಿನ ತಿಳಿವಳಿಕೆ ಪುಟಕ್ಕೆ ಬರದೆ ಉಳಿದದ್ದಕ್ಕೂ, ಅದರ ಪರಿಮಳ ಬೀದಿಗೆ ಹೋಗಬಾರದು ಎನ್ನುವ ಒತ್ತಾಯಕ್ಕೂ ಸಂಬಂಧವಿದೆ. ಬರೆಯಲು ಸಂಕೋಚಪಟ್ಟದ್ದನ್ನು ವಿವರವಾಗಿ ಬರೆಯಲಾಗುವುದಿಲ್ಲ.

ಅದಕ್ಕೇ ನಮ್ಮ ಪಾಕಬರಹಗಾರರಲ್ಲಿ ನನ್ನದೊಂದು ಕೋರಿಕೆ. ‘ಕೋಳಿ ಒಂದು ಕೆಜಿ’ ಎಂಬ ಆ ಮೊದಲ ಸಾಲನ್ನು ಒಡೆದು ಬರೆಯಿರಿ. ಎಷ್ಟು ತಿಂಗಳ ಹಕ್ಕಿ, ಹೇಂಟೆಯೋ ಹುಂಜವೋ, ಚರ್ಮವಿದೆಯೋ ಇಲ್ಲವೋ, ಕೊಯ್ದು ಎಷ್ಟು ಹೊತ್ತಾಯಿತು, ಈ ಪಾಕಕ್ಕೆ ಅದೇ ಯಾಕೆ, ಸಿಗದಿದ್ದರೆ ಏನು ಬದಲಿಸಬೇಕು ಎಂದು ಹೇಳಿ. ನಿಮ್ಮ ಅಮ್ಮಂದಿರು ಅಂಗಡಿಯ ಮುಂದೆ ನಿಂತು ಏನನ್ನು ಮುಟ್ಟಿ ನೋಡುತ್ತಿದ್ದರು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಒಂದು ಪುಟ ಹೆಚ್ಚಾದೀತು. ಲವಂಗದ ಲೆಕ್ಕಕ್ಕೆ ಅಷ್ಟು ಜಾಗ ಕೊಟ್ಟವರು ಕೋಳಿಗೆ ಒಂದು ಪುಟ ಕೊಡಬಹುದು.